ಕಾಯೋಕೆ ಒಂದು ಕೋಣೆ

ಹೀರೋ ಆಗೋಕೆ ಏನು ಬೇಕು ಗೆಳೆಯರೇ? ಮುಖ, ಮೈಕಟ್ಟು, ಅಭಿನಯ ಅಂತೀರಿ. ಗಾಂಧಿನಗರದಲ್ಲಿ ಅಲೆಯುವ ಯಾವ ಸಹಾಯಕ ನಿರ್ದೇಶಕನನ್ನಾದರೂ ಕೇಳಿ ನೋಡಿ... ಮೊದಲು ಬೆಂಗಳೂರಿನಲ್ಲೊಂದು ರೂಮು ಬೇಕು ಅಂತಾನೆ! ಚಾನ್ಸು ಅನ್ನೋದು ಹಳ್ಳಿ ಬಸ್ಸಿದ್ದ ಹಾಗೆ. ಬಂದರೂ ಟೈಮಿಗೆ ಬರೋದಿಲ್ಲ. ಬರೋತನಕ ಸ್ಟಾಪಿನಲ್ಲಿ ನಿಂತಿರಬೇಕು. ಆ ನಿಲ್ಲೋ ಜಾಗಕ್ಕೇ ಈಗ ಬಾಡಿಗೆ ಗಗನಕ್ಕೇರಿದೆ.

1990ರ 'ಗಣೇಶನ ಮದುವೆ' ನೋಡಿದ್ದೀರಲ್ಲ? ಅನಂತನಾಗ್ ಬಾಡಿಗೆಗಿದ್ದ ವಠಾರ, ಓನರ್ ಮುಖ್ಯಮಂತ್ರಿ ಚಂದ್ರು ಜೊತೆ ದಿನಬೆಳಗಾದರೆ ಜಗಳ. ನಕ್ಕು ನಕ್ಕು ಸಾಕಾಯಿತು, ನಿಜ. ಆದರೆ ಅಂಥ ವಠಾರಗಳು ಬರೀ ಕಾಮಿಡಿ ಸೆಟ್ ಆಗಿರಲಿಲ್ಲ. ಸಾಲು ಮನೆ, ಎಲ್ಲರಿಗೂ ಒಂದೇ ನಲ್ಲಿ, ಬೆಳಿಗ್ಗೆ ಬಚ್ಚಲಿಗೆ ಕ್ಯೂ... ಕಷ್ಟವೇ. ಆದರೂ ಸಣ್ಣ ಸಂಬಳದವನಿಗೆ ಊರೊಳಗೇ ಸೂರಿತ್ತು. ಐಟಿ ಬಂತು, 2011ರಲ್ಲಿ ಮೆಟ್ರೋ ಓಡಿತು, ನೆಲಕ್ಕೆ ಬಂಗಾರದ ಬೆಲೆ ಬಂತು. ಎಷ್ಟೋ ವಠಾರ ಕೆಡವಿ ನಾಲ್ಕೈದು ಮಹಡಿ ಎಬ್ಬಿಸಿದರು.

ಬಾಡಿಗೆಗಿಂತ ದೊಡ್ಡ ವಿಲನ್ ಅಡ್ವಾನ್ಸು! ಹತ್ತು ತಿಂಗಳ ಬಾಡಿಗೆ ಮುಂಗಡ ಅನ್ನೋದು ಬೆಂಗಳೂರಿನ ಹಳೇ ರೂಢಿ. ಬಾಡಿಗೆ ಹತ್ತು ಸಾವಿರ ಅಂದರೆ ಬೀಗದ ಕೈ ಸಿಗೋ ಮೊದಲೇ ಲಕ್ಷ ಎಣಿಸಬೇಕು. ಕೇಂದ್ರದವರು 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ತಂದು, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಬೇಡ ಅಂದರು. ಆದರೆ ಮಾದರಿ ಅಂದರೆ ಮಾದರಿಯೇ. ರಾಜ್ಯದವರು ಅದನ್ನು ತಮ್ಮ ಕಾನೂನು ಮಾಡಿಕೊಂಡರೆ ಮಾತ್ರ ಅದಕ್ಕೆ ಜೀವ.

ಇನ್ನು 'ಲೀಸಿಗಿದೆ' ಬೋರ್ಡು. ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟುಬಿಡಿ, ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಹಣ ವಾಪಸ್. ಕೇಳೋಕೆ ಚೆನ್ನ! ಆದರೆ ಓನರು ಅದೇ ಮನೆಯ ಮೇಲೆ ಸಾಲ ಎತ್ತಿ ಕಟ್ಟದೆ ಹೋದರೆ ಬ್ಯಾಂಕಿನವರು ಹರಾಜಿಗೆ ಬರುತ್ತಾರೆ. ಅಪ್ಪ ಹೊಲ ಮಾರಿ ಕೊಟ್ಟ ಹಣಕ್ಕೆ ನೀವು ಕೋರ್ಟು ಸುತ್ತಬೇಕು. ಅದಕ್ಕೇ ಹೇಳೋದು, ಸಬ್ ರಿಜಿಸ್ಟ್ರಾರ್ ಕಚೇರಿಯ ಇ.ಸಿ. ತೆಗೆಸಿ ನೋಡಿ. ಅಷ್ಟೇ ಸಾಲದು, ಮೂಲ ಕ್ರಯಪತ್ರ ತೋರಿಸಿ ಅನ್ನಿ. "ಅದು ಬ್ಯಾಂಕಲ್ಲಿದೆ ಕಣ್ರೀ" ಅಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ!

ಈಗ ಒಂದು ಮಾತು. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ಶಿವಾಜಿರಾವ್ ಮದ್ರಾಸಿಗೆ ಅಭಿನಯ ಕಲಿಯೋಕೆ ಹೋದಾಗ, ಜೊತೆಗೆ ಕೆಲಸ ಮಾಡುತ್ತಿದ್ದ ಡ್ರೈವರ್ ಗೆಳೆಯ ದುಡ್ಡಿನ ನೆರವು ಕೊಟ್ಟ. 1975ರಲ್ಲಿ ಆ ಕಂಡಕ್ಟರ್ ರಜನಿಕಾಂತ್ ಆಗಿ ತೆರೆಗೆ ಬಂದ. ಪ್ರತಿಭೆ ಅವನದು, ಒಪ್ಪೋಣ. ಆದರೆ ಅವನು ಕಾದ ದಿನಗಳ ಖರ್ಚು ಹೊತ್ತವನು ಇನ್ನೊಬ್ಬ.

ಈಗ ಅಂಥ ಗೆಳೆಯನ ಸಂಬಳ ಅವನ ಬಾಡಿಗೆಗೇ ಸಾಲದು. ಹೀಗಾದರೆ ಏನಾಗುತ್ತೆ? ಬೆಂಗಳೂರಲ್ಲಿ ಸ್ವಂತ ಮನೆ ಇದ್ದವನ ಮಗ ಹತ್ತು ವರ್ಷ ಕಾಯಬಲ್ಲ. ರಾಯಚೂರಿನ ಹುಡುಗ ಹತ್ತು ತಿಂಗಳಿಗೆ ಊರಿನ ಬಸ್ಸು ಹತ್ತುತ್ತಾನೆ. ಅವನ ಜೊತೆ ಅವನ ಊರಿನ ಕತೆ, ಅವನ ಊರಿನ ಮಾತು ಎರಡೂ ವಾಪಸ್ಸು! ಆಮೇಲೆ ನಾವೇ ಟಾಕೀಸಿನಲ್ಲಿ ಕೂತು, "ಏನ್ರೀ, ಎಲ್ಲಾ ಸಿನಿಮಾನೂ ಒಂದೇ ಥರಾ ಇದಾವೆ" ಅಂತ ಗೊಣಗುತ್ತೇವೆ.

ಹುಡುಗ ವಾಪಸ್ ಹೋದದ್ದು ನಟನೆ ಬರದೆ ಅಲ್ಲ, ಬಾಡಿಗೆ ಕಟ್ಟಲಾಗದೆ. ಊರಿನವರು ಅವನನ್ನು ನೋಡಿ ನಗಬಾರದು ಅಷ್ಟೆ. ಏನಂತೀರಿ?