ಚೀಲದಲ್ಲೊಂದು ಬೇರೆ ಸೀರೆ



ಈ ಸಲದ ಅಂಚೆಯಲ್ಲಿ ಬಂದ ಪತ್ರಗಳಲ್ಲಿ ಒಂದನ್ನು ಮೂರು ಸಲ ಓದಿದೆ. ರೊಟ್ಟಿ ತಟ್ಟುತ್ತಿದ್ದ ಕೈಯಲ್ಲೇ ಒಡೆದು ಓದಿದ್ದರಿಂದ ಅದರ ಅಂಚಿಗೆಲ್ಲ ಈಗ ಅಕ್ಕಿಹಿಟ್ಟು ಅಂಟಿದೆ. ಬರೆದವರು ಒಂದು ತಾಲ್ಲೂಕು ಊರಿನ ಗೃಹಿಣಿ. ಹೆಸರು, ಊರು ಹಾಕಬೇಡಿ ಅಂತ ಕೇಳಿಕೊಂಡಿದ್ದಾರೆ. ಹಾಕುವುದಿಲ್ಲ, ತಾಯಿ, ಧೈರ್ಯವಾಗಿರಿ.

ವಿಷಯ ಇಷ್ಟು. ಅವರ ಮನೆಗೆ ಹನ್ನೊಂದು ವರ್ಷದಿಂದ ಪಾತ್ರೆ ತೊಳೆಯಲು ಬರುವ ಹೆಂಗಸು ತನ್ನ ಬ್ಯಾಂಕಿನ ಪಾಸ್‌ಬುಕ್ಕನ್ನು ಬೀದಿಯ ಯಾರೋ ಹುಡುಗನ ಕೈಯಲ್ಲಿ ಓದಿಸಿಕೊಳ್ಳುತ್ತಿದ್ದಳಂತೆ. ಒಂದು ದಿನ ಅವನು ಓದಿದ ಮೊತ್ತ ಒಂದು, ಪುಸ್ತಕದಲ್ಲಿದ್ದ ಮೊತ್ತ ಇನ್ನೊಂದು. ಅದನ್ನು ನೋಡಿ ನಮ್ಮ ಸೋದರಿಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. "ನಾಳೆಯಿಂದ ಸಂಜೆ ನಾಲ್ಕಕ್ಕೆ ಜಗಲಿ ಮೇಲೆ ಬಾ, ನಾನೇ ಹೇಳಿಕೊಡ್ತೀನಿ" ಅಂದರು. ಅವಳು ಒಬ್ಬಳೇ ಬರಲಿಲ್ಲ, ಇನ್ನೂ ಐದು ಜನರನ್ನು ಕರಕೊಂಡು ಬಂದಳು. ಎಲ್ಲರೂ ಹೆಬ್ಬೆಟ್ಟು ಒತ್ತುವವರೇ.

ಅಲ್ಲಿಂದ ಶುರುವಾಯಿತು ನೋಡಿ. ಅತ್ತೆಯವರು, "ಅವರನ್ನ ಮನೆ ಚಾಪೆ ಮೇಲೆ ಕೂರಿಸ್ತೀಯಾ?" ಅಂದರು. ಪಕ್ಕದ ಮನೆಯಾಕೆ, "ಅಕ್ಷರ ಕಲಿತ ಮೇಲೆ ನಮ್ಮನೆ ಪಾತ್ರೆ ಯಾರು ರೀ ತೊಳೀತಾರೆ? ಈಗಲೇ ಐದು ಗಂಟೆಗೆ ಬರಬೇಕಾದವಳು ಆರಕ್ಕೆ ಬರ್ತಾಳೆ" ಅಂತ ಕಾಂಪೌಂಡಿನ ಮೇಲಿಂದಲೇ ಕೂಗಿದರು. ಹಬ್ಬಕ್ಕೆ ಬಂದ ನಾದಿನಿ 'ಮೇಡಮ್ಮು' ಅಂತ ಹೆಸರಿಟ್ಟು ಹೋದರು, ಈಗ ಬೀದಿಯಲ್ಲೆಲ್ಲ ಅದೇ ಹೆಸರು. ಯಜಮಾನರು ಬೈಯಲಿಲ್ಲ, ಆದರೆ ಪೇಪರಿನಿಂದ ತಲೆ ಎತ್ತದೆ, "ಊರ ಉಸಾಬರಿ ನಿನಗ್ಯಾಕೆ?" ಅಂದರು. ಆರು ಜನ ಬರುತ್ತಿದ್ದ ಕಡೆ ಈಗ ಮೂರೇ ಜನ. "ನಿಲ್ಲಿಸಿಬಿಡಲೇ, ಅಕ್ಕಾ?" ಅಂತ ಪತ್ರ ಮುಗಿದಿದೆ.

ಉತ್ತರ ಹೇಳುವ ಮುಂಚೆ ನನ್ನದೇ ಒಂದು ಮಾತು. ಮದುವೆಯಾದ ಹೊಸತರಲ್ಲಿ ತವರಿನಿಂದ ತಂದ ಅರವತ್ತು ಚಿಲ್ಲರೆ ಪುಸ್ತಕ ಇಟ್ಟುಕೊಂಡು ನಡುಮನೆಯಲ್ಲಿ ಒಂದು ಪುಟ್ಟ ಲೈಬ್ರರಿ ತೆರೆದಿದ್ದೆ. ಕಾದಂಬರಿ ಒಂದಕ್ಕೆ ವಾರಕ್ಕೆ ಎಂಟಾಣೆ. ಬೀದಿಯ ಹೆಂಗಸರು ಸೆರಗಿನಲ್ಲಿ ಮುಚ್ಚಿಕೊಂಡು ಒಯ್ಯುತ್ತಿದ್ದರು. ನಾಲ್ಕು ತಿಂಗಳು ನಡೆಯಿತು. ಒಂದು ದಿನ ನಮ್ಮ ಚಿಕ್ಕತ್ತೆ ಬಂದವರು ಹತ್ತು ಜನರ ಎದುರಿಗೆ, "ಏನಮ್ಮಾ, ಮನೇಲೇ ಅಂಗಡಿ ಇಟ್ಟಿದೀಯಂತೆ? ಗಂಡನ ಸಂಬಳ ಸಾಲದೇ?" ಅಂದುಬಿಟ್ಟರು. ಆ ವಾರವೇ ಪುಸ್ತಕವೆಲ್ಲ ಟ್ರಂಕಿಗೆ ಹೋದವು, ಟ್ರಂಕು ಅಟ್ಟಕ್ಕೆ ಹೋಯಿತು. ಆಡಿದವರು ಸಂಜೆಯೊಳಗೆ ಮರೆತಿದ್ದರು. ನನಗೆ ಮಾತ್ರ ನಲವತ್ತು ವರ್ಷವಾದರೂ ಮರೆತಿಲ್ಲ. ಮೇಲಾಗಿ ಅವರು ಆಡಿದ್ದರಲ್ಲಿ ಅರ್ಧ ನಿಜವೂ ಇತ್ತು. ಪುಸ್ತಕದ ಲೆಕ್ಕ ಬರೆಯುತ್ತ ಎಷ್ಟೋ ಸಲ ಒಲೆ ಮೇಲಿನ ಹಾಲು ಉಕ್ಕಿಸಿದ್ದೆ. ಹಾಲಿನ ಮಾತನ್ನು ಒಪ್ಪಿಕೊಂಡು ಅಂಗಡಿಯ ಮಾತನ್ನು ಬಿಟ್ಟುಬಿಡಬಹುದಿತ್ತು. ಆ ವಯಸ್ಸಿಗೆ ಹೊಳೆಯಲಿಲ್ಲ.

ಈ ಪತ್ರ ಓದುವಾಗ ನನಗೆ ಜ್ಞಾಪಕಕ್ಕೆ ಬಂದವರು ಸಾವಿತ್ರಿಬಾಯಿ ಫುಲೆ. ಅವರ ಹೆಸರು ಕೇಳದವರು ಈಗ ಕಡಿಮೆ. ಹುಟ್ಟಿದ್ದು 1831ರ ಜನವರಿ 3ರಂದು, ಸಾತಾರಾ ಜಿಲ್ಲೆಯ ನಾಯಗಾಂವ್ ಎಂಬ ಹಳ್ಳಿಯಲ್ಲಿ. ಒಂಬತ್ತು ವರ್ಷಕ್ಕೆ ಜ್ಯೋತಿಬಾ ಫುಲೆಯವರೊಡನೆ ಮದುವೆ. ಓದು ಕಲಿತದ್ದು ಗಂಡನ ಮನೆಗೆ ಬಂದ ಮೇಲೆಯೇ, ಗಂಡನಿಂದಲೇ. 1848ರಲ್ಲಿ ಗಂಡ ಹೆಂಡತಿ ಸೇರಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಆಕೆಗೆ ಹದಿನೇಳು. ನಮ್ಮ ಮನೆಗಳಲ್ಲಿ ಪಿಯುಸಿ ಓದುವ ಹುಡುಗಿಯ ವಯಸ್ಸು!

ಶಾಲೆಗೆ ಹೋಗುವ ದಾರಿಯಲ್ಲಿ ಜನ ಆಕೆಯ ಮೇಲೆ ಸಗಣಿ, ಕೆಸರು ಎಸೆಯುತ್ತಿದ್ದರು. ಅವೆಲ್ಲ ತನಗೆ ಹೂವಿನಂತೆ ಎಂದು ಆಕೆ ಅಂದರು ಎಂದು ಹೇಳುತ್ತಾರೆ. ಮಾತು ದೊಡ್ಡದೇ. ಆದರೆ ನನಗೆ ಅದಕ್ಕಿಂತ ಹೆಚ್ಚು ಹಿಡಿಸುವುದು ಅವರ ಚೀಲ. ಅದರಲ್ಲಿ ಇನ್ನೊಂದು ಸೀರೆ ಮಡಿಸಿ ಇಟ್ಟುಕೊಂಡೇ ಮನೆಯಿಂದ ಹೊರಡುತ್ತಿದ್ದರಂತೆ. ಶಾಲೆ ಮುಟ್ಟಿದ ಮೇಲೆ ಕೊಳೆಯಾದದ್ದನ್ನು ಬಿಚ್ಚಿ ಒಗೆದದ್ದನ್ನು ಉಟ್ಟು ಪಾಠಕ್ಕೆ ನಿಲ್ಲುವುದು. ವಾಪಸು ಹೋಗುವಾಗ ಮತ್ತೆ ಹಳೆಯದೇ. ನೋಡಿ, ಇದು ಮನೆವಾರ್ತೆ ಗೊತ್ತಿರುವ ಹೆಂಗಸಿನ ಬುದ್ಧಿ. ಸಗಣಿ ಎಸೆಯುವವರ ಮನಸ್ಸು ಬದಲಾದ ಮೇಲೆ ಪಾಠ ಹೇಳುತ್ತೇನೆ ಅಂತ ಅವರು ಕಾಯಲಿಲ್ಲ. ಅವರ ಜೊತೆ ಬೀದಿಯಲ್ಲಿ ಜಗಳಕ್ಕೂ ನಿಲ್ಲಲಿಲ್ಲ. ಮಳೆಗಾಲದಲ್ಲಿ ನಾವು ಕೊಡೆ ಹಿಡಿದು ಹೊರಡುತ್ತೇವಲ್ಲ, ಅಷ್ಟೇ ಸಹಜವಾಗಿ ಏರ್ಪಾಡು ಮಾಡಿಕೊಂಡು ಹೊರಟರು.

ಬೀದಿಯವರದು ಹಾಗಿರಲಿ. 1849ರಲ್ಲಿ ಮಾವನವರೇ, ಶಾಲೆ ಬಿಡಿ, ಇಲ್ಲವೇ ಮನೆ ಬಿಡಿ ಅಂದರು. ಇಬ್ಬರೂ ಮನೆ ಬಿಟ್ಟರು. ಇದನ್ನು ಓದಿ ನೀವೂ ಮನೆ ಬಿಡಿ ಅಂತ ನಾನು ಹೇಳ್ತಿದೀನಿ ಅಂದುಕೊಳ್ಳಬೇಡಿ ಮತ್ತೆ! ಅವರಿಗೆ ಜೊತೆಗೆ ನಿಲ್ಲುವ ಗಂಡ ಇದ್ದ. ಎಲ್ಲರಿಗೂ ಆ ಭಾಗ್ಯ ಇರುವುದಿಲ್ಲ.

ನಿಮಗೆ ಹೇಳಬೇಕೆಂದಿದ್ದುದು 1856ರ ಒಂದು ಪತ್ರದ ವಿಷಯ. ಆಗ ಸಾವಿತ್ರಿಬಾಯಿ ಕಾಯಿಲೆ ಬಿದ್ದು ತವರಿಗೆ ಬಂದಿದ್ದರು. ಅಲ್ಲಿಂದ ಗಂಡನಿಗೆ ಬರೆದದ್ದು. ಮೊದಲು ತಮ್ಮ ಆರೋಗ್ಯ ಸುಧಾರಿಸಿದೆ ಅಂತ ಬರೆಯುತ್ತಾರೆ. ತಾನಿಲ್ಲದೆ ಫಾತಿಮಾಗೆ ಶಾಲೆಯಲ್ಲಿ ಕಷ್ಟವಾಗುತ್ತಿರಬೇಕು, ಆದರೂ ಆಕೆ ಗೊಣಗುವವಳಲ್ಲ ಅಂತ ಬರೆಯುತ್ತಾರೆ. ಅಣ್ಣ ಎಷ್ಟು ಪ್ರೀತಿಯಿಂದ ಆರೈಕೆ ಮಾಡಿದ ಅಂತ ಹೊಗಳುತ್ತಾರೆ. ಆಮೇಲೆ ಬರುತ್ತೆ ನಿಜವಾದ ವಿಷಯ. ಅದೇ ಅಣ್ಣ ಒಂದು ದಿನ ಮಾತಿಗೆ ಕೂತು, ಮಹಾರ ಮಾಂಗರಿಗೆಲ್ಲ ಪಾಠ ಹೇಳುತ್ತೀರಿ, ನಿಮ್ಮಿಬ್ಬರನ್ನೂ ಜಾತಿಯಿಂದ ಹೊರಗೆ ಹಾಕಿದ್ದು ಸರಿಯಾಗಿಯೇ ಇದೆ ಅಂದುಬಿಟ್ಟ.

ಹಾಸಿಗೆ ಪಕ್ಕ ಕೂತು ಗಂಜಿ ಕುಡಿಸಿದ ಅಣ್ಣನ ಬಾಯಿಂದಲೇ ಇಂಥ ಮಾತು ಬಂದರೆ ಬೀದಿಯ ಸಗಣಿಗಿಂತ ಅದು ಹೆಚ್ಚು ಅಂಟುತ್ತದೆ, ಅಲ್ಲವೇ? ಸಾವಿತ್ರಿಬಾಯಿ ಅಳುತ್ತ ಒಳಗೆ ಹೋಗಲಿಲ್ಲ. ಅಣ್ಣನನ್ನು ಒಂದು ಪ್ರಶ್ನೆ ಕೇಳಿದರು. ಹಸುವನ್ನೂ ಆಡನ್ನೂ ಮುಟ್ಟಿ ಮುದ್ದು ಮಾಡುತ್ತೀಯ, ನಾಗಪಂಚಮಿಯ ದಿನ ವಿಷದ ಹಾವು ಹಿಡಿದು ಹಾಲೆರೆಯುತ್ತೀಯ, ನಿನ್ನಂತೆಯೇ ಮನುಷ್ಯರಾದವರನ್ನು ಮಾತ್ರ ಮುಟ್ಟಬಾರದು ಅನ್ನುತ್ತೀಯ, ಯಾಕೆ ಹೇಳು? ಅಣ್ಣನ ಮುಖ ಕೆಂಪಾಯಿತು. ಆಮೇಲೆ ಅವನ ಹೊಟ್ಟೆಯೊಳಗಿದ್ದ ನಿಜವಾದ ಮಾತು ಹೊರಗೆ ಬಂತು. ಜನ ನಿಮ್ಮನ್ನು ಬೈಯುವುದನ್ನು ನಾನು ಕೇಳಲಾರೆ, ಅದು ನನಗೆ ಸಹಿಸಲಾಗುವುದಿಲ್ಲ ಅಂದ.

ಈ ಒಂದು ಸಾಲಿಗೋಸ್ಕರವೇ ನಾನು ಇಷ್ಟು ದೂರ ನಿಮ್ಮನ್ನು ಕರೆದುಕೊಂಡು ಬಂದೆ. ನಮ್ಮವರು ಅಡ್ಡ ಬರುವಾಗ ಎಷ್ಟೋ ಸಲ ನಮ್ಮ ಕೆಲಸದ ಮೇಲೆ ಅವರಿಗೆ ಸಿಟ್ಟಿರುವುದಿಲ್ಲ. ದೇವಸ್ಥಾನದಲ್ಲಿ, ಮದುವೆ ಮನೆಯಲ್ಲಿ, ನಾಲ್ಕು ಜನ ಕೂತ ಕಡೆ "ನಿಮ್ಮ ಸೊಸೆ ಹೀಗಂತೆ" ಅಂದಾಗ ಉತ್ತರ ಕೊಡಬೇಕಾದವರು ಅವರು. ಆ ಉತ್ತರ ಅವರ ಹತ್ತಿರ ಇರುವುದಿಲ್ಲ. ಅದು ಗೊತ್ತಾದ ಮೇಲೆ ಸಾವಿತ್ರಿಬಾಯಿ ಅಣ್ಣನಿಗೆ ವಿದ್ಯೆಯಿಂದ ಏನಾಗುತ್ತದೆ ಅಂತ ಕೂತು ಬಿಡಿಸಿ ಹೇಳಿದರು. ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದ ತಾಯಿಗೆ ಮನಸ್ಸು ತುಂಬಿ ಬಂತು. ಪುಣೆಯಲ್ಲಿರುವಂತೆ ಇಲ್ಲೂ ಚಾಡಿ ಹೇಳುವವರಿದ್ದಾರೆ, ಅವರಿಗೆ ಹೆದರಿ ಕೈ ಹಿಡಿದ ಕೆಲಸ ಯಾಕೆ ಬಿಡಬೇಕು, ನಾವು ನಮ್ಮ ಕೆಲಸದಲ್ಲಿ ತೊಡಗೋಣ ಎಂಬರ್ಥದಲ್ಲಿ ಗಂಡನಿಗೆ ಬರೆದರು.

ಅದಕ್ಕೆ ಒಂದು ವರ್ಷ ಹಿಂದೆ, 1855ರಲ್ಲಿ, ಅವರ ಶಾಲೆಯಲ್ಲೇ ಓದಿದ ಮಾಂಗ ಜಾತಿಯ ಹುಡುಗಿ ಮುಕ್ತಾಬಾಯಿ, ಹದಿನಾಲ್ಕು ವರ್ಷದವಳು, ತನ್ನ ಜನರ ದುಃಖದ ಬಗ್ಗೆ ಒಂದು ಪ್ರಬಂಧ ಬರೆದಳು. 'ಜ್ಞಾನೋದಯ' ಪತ್ರಿಕೆ ಅದನ್ನು ಅಚ್ಚು ಹಾಕಿತು. ಸೀರೆ ಬದಲಾಯಿಸಿಕೊಂಡು ಪಾಠ ಹೇಳಿದ್ದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಯಾರಿಗೆ ಬೇಕು?

ಈಗ ನಿಮ್ಮ ಜಗಲಿಗೆ ಬರೋಣ, ತಂಗೀ. ಪಕ್ಕದ ಮನೆಯಾಕೆ ಆಡಿದ್ದು ನಿಮಗೆ ನೋವಾಗಿದೆ, ಸರಿ. ಆದರೆ ಆಕೆ ಬೈಯುವ ಭರದಲ್ಲಿ ನಿಮಗೊಂದು ಉಪಕಾರವನ್ನೂ ಮಾಡಿದ್ದಾರೆ. ಐದು ಗಂಟೆಯ ಕೆಲಸಕ್ಕೆ ಆರಕ್ಕೆ ಹೋದರೆ ಆ ಹೆಂಗಸರ ಸಂಬಳಕ್ಕೇ ಕುತ್ತು. ಉಳಿದ ಮೂವರು ಬಿಟ್ಟದ್ದು ನಾಚಿಕೆಗಲ್ಲ, ಇದಕ್ಕೇ ಇರಬಹುದು, ಕೇಳಿ ನೋಡಿ. ಮಧ್ಯಾಹ್ನ ಊಟವಾಗಿ ಪಾತ್ರೆ ಬೋರಲು ಹಾಕಿದ ಮೇಲೆ, ಎರಡೂವರೆಗೆ ಇಟ್ಟುಕೊಳ್ಳಿ. ನೀವು ಆ ಹೊತ್ತಿಗೆ ಹೇಗೂ ಟಿ.ವಿ. ಮುಂದೆ ತೂಕಡಿಸುತ್ತೀರಿ ಅಂತ ನೀವೇ ಬರೆದಿದ್ದೀರಿ! 'ಪಾತ್ರೆ ಯಾರು ತೊಳೀತಾರೆ' ಎಂಬ ಮಾತನ್ನು ಮಾತ್ರ ಕಾಂಪೌಂಡಿನ ಆಚೆಗೇ ಬಿಡಿ. ಅದು ಅವರ ತೊಂದರೆ, ನಿಮ್ಮದಲ್ಲ.

ಅತ್ತೆಯವರ ಚಾಪೆಯ ಮಾತು ಬೇರೆ. ಅದು ಚಾಪೆಯ ಮಾತಲ್ಲ, ನಿಮಗೂ ಗೊತ್ತು. ಅವರಿಗೊಂದು, ಇವರಿಗೊಂದು ಅಂತ ಎರಡು ಚಾಪೆ ಮಾತ್ರ ಹಾಸಬೇಡಿ. ಅತ್ತೆಯ ಚಾಪೆ ಅತ್ತೆಗೇ ಇರಲಿ. ಜಗಲಿ ಸಾರಿಸಿ, ನೀವೂ ಅವರ ಜೊತೆಗೇ ಬರಿ ನೆಲದ ಮೇಲೆ ಕೂತ್ಕೊಳ್ಳಿ. ಅತ್ತೆಯವರನ್ನು ಒಂದು ದಿನ ಒಬ್ಬರೇ ಇದ್ದಾಗ ಎಲೆ ಅಡಿಕೆ ಕೊಟ್ಟು ಕೇಳಿ: "ದೇವಸ್ಥಾನದಲ್ಲಿ ಯಾರಾದರೂ ಏನಾದರೂ ಅಂದರಾ ಅತ್ತೆ?" ಅಂತ. ಅಂದಿದ್ದರೆ ಆ ಪಾಸ್‌ಬುಕ್ಕಿನ ಕಥೆ ಹೇಳಿ. ಮುಂದಿನ ಸಲ ಅಲ್ಲಿ ಹೇಳೋಕೆ ಅವರಿಗೂ ಒಂದು ಮಾತು ಸಿಗುತ್ತೆ. ಒಪ್ಪುತ್ತಾರೆ ಅಂತ ನಾನು ಭರವಸೆ ಕೊಡಲಾರೆ. ಎಪ್ಪತ್ತು ವರ್ಷದ ರೂಢಿ ಒಂದು ಎಲೆ ಅಡಿಕೆಗೆ ಬಿಡುವುದಿಲ್ಲ. ಆದ್ದರಿಂದ ಜಗಲಿ ತಪ್ಪಿದರೆ ಎಲ್ಲಿ ಅನ್ನುವುದನ್ನು ಈಗಲೇ ಗೊತ್ತು ಮಾಡಿಕೊಳ್ಳಿ. ಅಂಗನವಾಡಿಯ ಪಡಸಾಲೆಯೋ, ಆ ಹೆಂಗಸರಲ್ಲೇ ಒಬ್ಬರ ಮನೆಯೋ. ಅದೇ ನಿಮ್ಮ ಚೀಲದ ಇನ್ನೊಂದು ಸೀರೆ. ಅದು ಇದೆ ಅಂತ ಗೊತ್ತಿದ್ದರೆ ಅರ್ಧ ಭಯ ಅಲ್ಲೇ ಹೋಗುತ್ತೆ.

'ಮೇಡಮ್ಮು' ಅಂದರಲ್ಲ, ಅವರಿಗೆ ಮಾಡಿ ತೋರಿಸ್ತೀನಿ ಎಂಬ ಛಲ ಬಂದಿದೆ ಅಂತಲೂ ಬರೆದಿದ್ದೀರಿ. ಬರಲಿ, ಒಳ್ಳೆಯದೇ. ಆದರೆ ಛಲ ಪುಳ್ಳೆ ಬೆಂಕಿ ಇದ್ದ ಹಾಗೆ, ಭಗ್ಗಂತ ಹತ್ತುತ್ತೆ, ಅನ್ನ ಬೇಯುವಷ್ಟು ಹೊತ್ತು ನಿಲ್ಲೋದಿಲ್ಲ. ಮುಂದೆ ಒಟ್ಟೋಕೆ ದಪ್ಪ ಸೌದೆ ಬೇಕು. ನಿಮ್ಮ ಪತ್ರದ ಮೂರನೇ ಪುಟದಲ್ಲಿ ಅದು ಇದೆ, ನೀವೇ ಗಮನಿಸಿಲ್ಲ. "ಮೊನ್ನೆ ಅವಳು ಬಸ್ಸಿನ ಬೋರ್ಡು ಓದಿಕೊಂಡು ತಾನೇ ಹತ್ತಿ ತಂಗಿ ಮನೆಗೆ ಹೋಗಿ ಬಂದಳು" ಅಂತ ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಾದಿನಿಯ ಮಾತಿಗೆ ಮಾತ್ರ ಒಂದೂವರೆ ಪುಟ!

ದಪ್ಪ ಅಕ್ಷರದ ಪುಸ್ತಕ ಸಿಗುತ್ತಿಲ್ಲ ಅಂದಿದ್ದೀರಿ. ನಿನ್ನೆ ಮಗನ ಕೈಯಲ್ಲಿ ಅಟ್ಟದ ಟ್ರಂಕು ಇಳಿಸಿದೆ. ಮಕ್ಕಳ ಕಥೆ ಪುಸ್ತಕ ನಾಲ್ಕು ಸಿಕ್ಕಿವೆ. ಒಂದರ ಅಂಚು ಜಿರಳೆ ತಿಂದಿದೆ, ಅಕ್ಷರ ಚೆನ್ನಾಗಿವೆ. ಎರಡು ಸ್ಲೇಟೂ ಒಂದು ಪೆಟ್ಟಿಗೆ ಬಳಪವೂ ಸೇರಿಸಿ ಪಾರ್ಸಲ್ ಮಾಡಿದ್ದೇನೆ. ಎರಡೂವರೆಗೆ ಎಷ್ಟು ಜನ ಬಂದರು ಅಂತ ಒಂದು ಕಾರ್ಡು ಹಾಕಿ.