ಮ್ಯಾಚ್ ಫಿಕ್ಸ್ ಅಂತ ನಂಬಿದವನೇ ಬುಕ್ಕಿಯ ಮೊದಲ ಗಿರಾಕಿ

"ಎಲ್ಲಾ ಫಿಕ್ಸ್ ಐತಲೇ, ನಿನಗೇನ್ ಗೊತ್ತು?"

ಐಪಿಎಲ್ ಶುರುವಾಯ್ತು ಅಂದ್ರೆ ಗಂಗಾವತಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯಿಂದ ಬೆಂಗಳೂರಿನ ಆಫೀಸ್ ಕೆಫೆಟೇರಿಯಾದವರೆಗೆ ಈ ಮಾತು ಕೇಳದ ದಿನವಿಲ್ಲ. ಅಲ್ಲಿ 'ಫಿಕ್ಸ್', ಇಲ್ಲಿ 'ಸ್ಕ್ರಿಪ್ಟೆಡ್ ಬ್ರೋ', ಅಷ್ಟೇ ವ್ಯತ್ಯಾಸ. ಹೇಳುವವನ ಮುಖದಲ್ಲಿ ಮಾತ್ರ ಎರಡೂ ಕಡೆ ಒಂದೇ ಗತ್ತು: ನೀವೆಲ್ಲ ದಡ್ಡರು, ಒಳಗಿನ ಕಥೆ ನನಗೊಬ್ಬನಿಗೇ ಗೊತ್ತು.

ಇದನ್ನು ಜಾಣತನ ಅಂತ ಒಪ್ಪಿಕೊಳ್ಳಲು ನಾನು ತಯಾರಿಲ್ಲ. ಇದು ಬುಕ್ಕಿಗೆ ಪುಕ್ಕಟೆ ಪ್ರಚಾರ.

ಮೊದಲು ಇವರ 'ಪುರಾವೆ' ನೋಡೋಣ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಕಪ್ ಗೆದ್ದಿತು. ಕೂಡಲೇ ಲೆಕ್ಕ ಬಂತು: ಕೊಹ್ಲಿ ಜೆರ್ಸಿ ನಂಬರ್ 18, ಇದು 18ನೇ ಸೀಸನ್, ದಿನಾಂಕದ ಅಂಕಿ ಕೂಡಿಸಿದರೂ 3+6+2+0+2+5 ಅಂದ್ರೆ 18. ಮೊದಲೇ ಬರೆದಿಟ್ಟ ಕಥೆಯಂತೆ. ಸರಿ, ಆದರೆ ಆ ಫೈನಲ್ ಮೊದಲು ನಿಗದಿಯಾಗಿದ್ದು ಮೇ 25ಕ್ಕೆ, ಕೋಲ್ಕತ್ತದಲ್ಲಿ. ಭಾರತ-ಪಾಕಿಸ್ತಾನ ಸಂಘರ್ಷದಿಂದ ಟೂರ್ನಿ ನಿಂತು, ಮುಂದಕ್ಕೆ ಹೋಗಿ, ಊರೂ ಬದಲಾಯಿತು. ಮೇ 25ರ ಅಂಕಿ ಕೂಡಿಸಿದರೆ 21 ಬರುತ್ತೆ. ಹಾಗಾದ್ರೆ ಸ್ಕ್ರಿಪ್ಟ್ ಬರೆದವರೇ ಗಡಿಯಲ್ಲಿ ಕ್ಷಿಪಣಿಯನ್ನೂ ಹಾರಿಸಿದರಾ?

ಅದಕ್ಕೂ ಮೊದಲು ಇದೇ ಜನ, "ಆರ್‌ಸಿಬಿಯನ್ನ ಬೇಕಂತಲೇ ಸೋಲಿಸ್ತಾರೆ, ಇಲ್ಲಾಂದ್ರೆ 17 ವರ್ಷ ಕಪ್ ಬರಲ್ಲ ಅಂದ್ರೇನು?" ಅಂತಿದ್ದರು. ಎಲ್ಲ ತಂಡಗಳೂ ಸಮಬಲ ಅಂತಿಟ್ಟುಕೊಂಡು ಲೆಕ್ಕ ಹಾಕಿ. ವರ್ಷಕ್ಕೆ 8ರಿಂದ 10 ತಂಡ. ಒಂದು ತಂಡ 17 ಸೀಸನ್ ಸತತವಾಗಿ ಕಪ್ ಇಲ್ಲದೆ ಉಳಿಯುವ ಸಾಧ್ಯತೆ ಸುಮಾರು 12%. ಎಂಟರಲ್ಲಿ ಒಂದು. ಶುರುವಾದಾಗ ಇದ್ದದ್ದೇ ಎಂಟು ತಂಡ! ಪಂಜಾಬ್, ದೆಹಲಿಗಳಿಗೂ ಆ 17 ವರ್ಷ ಕಪ್ ಸಿಗಲಿಲ್ಲ. ಅವರಿಗೇಕೆ ಯಾರೂ ಸ್ಕ್ರಿಪ್ಟ್ ಬರೆದಿರಲಿಲ್ಲ?

ಸೋತರೂ ಸ್ಕ್ರಿಪ್ಟ್, ಗೆದ್ದರೂ ಸ್ಕ್ರಿಪ್ಟ್ ಅನ್ನುವುದಾದರೆ ಆ ವಾದವನ್ನು ಪರೀಕ್ಷೆ ಮಾಡುವ ದಾರಿಯೇ ಇಲ್ಲ. ನಮ್ಮ ಟೀಮಿನ ಹತ್ತು ಜನ ಸೇರಿ ಶುಕ್ರವಾರದ ಒಂದು ರಿಲೀಸನ್ನು ನೆಟ್ಟಗೆ ಮಾಡಕ್ಕಾಗಲ್ಲ. ಹತ್ತು ತಂಡ, ನೂರಾರು ಆಟಗಾರರು, ಅಂಪೈರುಗಳು, ಕೋಚುಗಳು ಎರಡು ತಿಂಗಳು ನಾಟಕವಾಡಿ, ಒಬ್ಬನೂ ಬಾಯಿ ಬಿಡದೆ ಮನೆಗೆ ಹೋಗ್ತಾರಂತೆ!

ಹಾಗಂತ ಫಿಕ್ಸಿಂಗ್ ಇಲ್ಲವೇ ಇಲ್ಲ ಅಂತ ನಾನು ಹೇಳ್ತಿಲ್ಲ. ನಮ್ಮ ಪಕ್ಕದ ಜಿಲ್ಲೆಯ ಹೆಸರಿನ ತಂಡವೇ ಸಿಕ್ಕಿಬಿದ್ದ ಪ್ರಕರಣವಿದೆ. 2019ರ ಕರ್ನಾಟಕ ಪ್ರೀಮಿಯರ್ ಲೀಗ್ ಫೈನಲ್‌ನಲ್ಲಿ ಬಳ್ಳಾರಿ ಟಸ್ಕರ್ಸ್ ತಂಡ ಹುಬ್ಬಳ್ಳಿ ಟೈಗರ್ಸ್ ಎದುರು 8 ರನ್‌ಗಳಿಂದ ಸೋತಿತು. ಆ ನವೆಂಬರ್‌ನಲ್ಲಿ ಬಳ್ಳಾರಿ ನಾಯಕ ಸಿ.ಎಂ. ಗೌತಮ್ ಮತ್ತು ಅಬ್ರಾರ್ ಖಾಜಿಯನ್ನು ಬೆಂಗಳೂರು ಪೊಲೀಸರು ಬಂಧಿಸಿದರು. ನಿಧಾನವಾಗಿ ಬ್ಯಾಟ್ ಮಾಡಲು 20 ಲಕ್ಷ ರೂಪಾಯಿ ಅನ್ನೋದು ಆರೋಪ. 2022ರ ಜನವರಿಯಲ್ಲಿ ಹೈಕೋರ್ಟ್ ಪ್ರಕರಣವನ್ನೇ ರದ್ದು ಮಾಡಿತು. ಮ್ಯಾಚ್ ಫಿಕ್ಸಿಂಗ್ ಐಪಿಸಿ 420ರ ವಂಚನೆಯೊಳಗೆ ಬರುವುದಿಲ್ಲ, ಟಿಕೆಟ್ ಕೊಂಡವರು ತಾವಾಗಿಯೇ ಕೊಂಡರು, ಶಿಸ್ತುಕ್ರಮ ಬಿಸಿಸಿಐ ಕೆಲಸ ಎಂಬುದು ಅದರ ತಾತ್ಪರ್ಯ. ಅಂದರೆ ಆರೋಪ ನಿಜವೋ ಸುಳ್ಳೋ ಅನ್ನುವ ವಿಚಾರಣೆಯೇ ನಡೆಯಲಿಲ್ಲ.

ಆರೋಪದ ಅಳತೆ ಗಮನಿಸಿ. ಇಬ್ಬರು ಬ್ಯಾಟ್ಸ್‌ಮನ್, ಒಂದು ಇನ್ನಿಂಗ್ಸ್. 2013ರ ಐಪಿಎಲ್ ಪ್ರಕರಣದಲ್ಲೂ ದೆಹಲಿ ಪೊಲೀಸರು ಹೇಳಿದ್ದು ಒಂದೊಂದು ಓವರಿನ ವಿಷಯ, ಸನ್ನೆಗೆ ಸೊಂಟಕ್ಕೆ ಸಿಕ್ಕಿಸಿದ ಟವೆಲ್. ಅಲ್ಲೂ ಕೋರ್ಟ್ 2015ರಲ್ಲಿ ಆಟಗಾರರನ್ನು ಆರೋಪಮುಕ್ತಗೊಳಿಸಿತು. ಅಮೆರಿಕದ ಬೇಸ್‌ಬಾಲ್‌ನಲ್ಲಿ 1919ರ ವರ್ಲ್ಡ್ ಸೀರೀಸ್ ಸೋಲಲು ಷಿಕಾಗೋ ವೈಟ್ ಸಾಕ್ಸ್‌ನ ಎಂಟು ಆಟಗಾರರು ಹಣ ಮಾತಾಡಿದರು ಎಂಬ ಆರೋಪ ಬಂತು. ಎಂಟೇ ಜನ, ಆದರೂ ವರ್ಷದೊಳಗೆ ಗುಟ್ಟು ರಟ್ಟಾಯಿತು. 1921ರಲ್ಲಿ ಕೋರ್ಟ್ ಬಿಟ್ಟುಬಿಟ್ಟರೂ ಬೇಸ್‌ಬಾಲ್ ಕಮಿಷನರ್ ಎಂಟೂ ಜನರನ್ನು ಆಜೀವ ನಿಷೇಧಿಸಿದ.

ಫಿಕ್ಸಿಂಗ್‌ಗೆ ಬೇಕಾದದ್ದು ಒಬ್ಬ ಆಸೆಬುರುಕ, ಒಬ್ಬ ಬುಕ್ಕಿ. ಅದನ್ನು ಹಿಡಿಯಬೇಕಾದರೆ ಯಾವ ಓವರ್, ಯಾರು, ಎಷ್ಟು ಹಣ ಅಂತ ಕೇಳಬೇಕು. 'ಎಲ್ಲಾ ಫಿಕ್ಸ್' ಅನ್ನುವವನಿಗೆ ಈ ಪ್ರಶ್ನೆಗಳೇ ಬೇಡ. ಎಲ್ಲರೂ ಕಳ್ಳರು ಅಂದಮೇಲೆ ನಿಜವಾದ ಕಳ್ಳ ಆರಾಮಾಗಿ ಓಡಾಡಬಹುದು.

ಇನ್ನು ಜೇಬಿನ ವಿಷಯ. ಮ್ಯಾಚ್ ಫಿಕ್ಸ್ ಅಂತ ನಂಬಿದವನು ಬೆಟ್ಟಿಂಗ್ ಬಿಡಬೇಕಲ್ವಾ? ಬಿಡಲ್ಲ. ಅವನ ತರ್ಕ ಬೇರೆ: "ಫಿಕ್ಸ್ ಐತಿ ಅಂದ್ರ ಯಾರಿಗೋ ರಿಸಲ್ಟ್ ಗೊತ್ತೈತಿ. ಆ ರಿಪೋರ್ಟ್ ನನಗ ಸಿಕ್ಕರ ಸಾಕು." ಆ ರಿಪೋರ್ಟ್ ಮಾರೋ ಅಂಗಡಿಗಳು ಟೆಲಿಗ್ರಾಂ ತುಂಬ ಇವೆ.

ಅವರ ತಂತ್ರಕ್ಕೆ ಯಾವ ಒಳಗಿನ ಸುದ್ದಿಯೂ ಬೇಕಿಲ್ಲ. 1,600 ಜನರಲ್ಲಿ 800 ಮಂದಿಗೆ 'ಚೆನ್ನೈ ಗೆಲ್ತದೆ', ಉಳಿದ 800ಕ್ಕೆ 'ಮುಂಬೈ ಗೆಲ್ತದೆ' ಅಂತ ಕಳಿಸು. ತಪ್ಪು ಸಿಕ್ಕವರನ್ನು ಬಿಟ್ಟುಬಿಡು, ಸರಿ ಸಿಕ್ಕ 800 ಜನರನ್ನು ಮತ್ತೆ ಅರ್ಧ ಮಾಡು. 400, 200, 100, 50. ಐದು ಮ್ಯಾಚ್ ಆದಮೇಲೆ ಉಳಿದ 50 ಜನರ ಪಾಲಿಗೆ ನೀನು ದೇವರು. ಆರನೇ ಮ್ಯಾಚಿಗೆ ರೇಟು ಹೇಳು. ಆ ಐವತ್ತು ಜನ ಯಾಕೆ ಕೊಡ್ತಾರೆ? ಮ್ಯಾಚ್ ಫಿಕ್ಸ್ ಅಂತ ಮೊದಲೇ ನಂಬಿದ್ದಾರಲ್ಲ, ಅದಕ್ಕೆ.

ಇದು ಹೊಸ ರೋಗವೂ ಅಲ್ಲ. ನಮ್ಮ ಹಿಂದಿನವರು ಮಟ್ಕಾ ಚಾರ್ಟ್ ಹಿಡಿದು 'ಲೀಕ್ ನಂಬರ್' ಹುಡುಕಿದರು. ಮಟ್ಕಾ ಶುರುವಾಗಿದ್ದು ನ್ಯೂಯಾರ್ಕಿನಿಂದ ಮುಂಬೈಗೆ ಬರುತ್ತಿದ್ದ ಹತ್ತಿಯ ಓಪನಿಂಗ್, ಕ್ಲೋಸಿಂಗ್ ರೇಟಿನ ಮೇಲೆ. ಹತ್ತಿ ಹೋಗಿ ಚೀಟಿ ಬಂತು, ಚೀಟಿ ಹೋಗಿ ಆ್ಯಪ್ ಬಂತು. ಲೀಕ್ ನಂಬರಿನ ಆಸೆ ಹಂಗೇ ಉಳೀತು.

ನಾನು ಯಲಬುರ್ಗಾ ಕಡೆಯವನು. ನಮ್ಮಲ್ಲಿ ಇದು ಹರಟೆಯ ವಿಷಯವಲ್ಲ. ಗಂಗಾವತಿ ಕಡೆ ಬೇಸಿಗೆ ಭತ್ತ ಕೊಯ್ದು ದುಡ್ಡು ಕೈಗೆ ಬರೋ ಹೊತ್ತು, ಐಪಿಎಲ್ ಹೊತ್ತು, ಎರಡೂ ಒಂದೇ. ಕುಷ್ಟಗಿ, ಯಲಬುರ್ಗಾದ ಒಣಭೂಮಿಯಲ್ಲಿ ಆ ದುಡ್ಡೂ ಇಲ್ಲ. ಗುಳೆ ಹೋಗಿ ದುಡಿದ ಕೂಲಿ ಫೋನ್‌ಪೇಯಲ್ಲಿ ಇರುತ್ತೆ, ಬುಕ್ಕಿ ಕೊಟ್ಟ 'ಐಡಿ'ಯೂ ಅದೇ ಫೋನಿನಲ್ಲಿ ಇರುತ್ತೆ. ಸೋತ ಹುಡುಗ ಅಪ್ಪನ ಮುಂದೆ ಹೇಳೋದು ಏನು? "ಮ್ಯಾಚ್ ಫಿಕ್ಸ್ ಇತ್ತಪ್ಪಾ." ಅಲ್ಲಿಗೆ ತಪ್ಪು ಆಟಗಾರನದ್ದಾಯಿತು, ಬುಕ್ಕಿ ಸಾಚಾ. ಮುಂದಿನ ಮ್ಯಾಚಿಗೆ ಸಾಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಟೀವಿಯಲ್ಲಿ ಜಾಹೀರಾತು ನಿಂತಿರಬಹುದು, ವಾಟ್ಸ್‌ಆ್ಯಪಿನಲ್ಲಿ ಐಡಿ ಹಂಚೋರು ನಿಂತಿಲ್ಲ. ಫಿಕ್ಸಿಂಗನ್ನೇ ಅಪರಾಧ ಮಾಡುವ ಕ್ರೀಡಾ ವಂಚನೆ ಮಸೂದೆ 2013ರಲ್ಲಿ ಕರಡಾಗಿತ್ತು, ಕಾಯ್ದೆಯಾಗಲಿಲ್ಲ. ಶ್ರೀಲಂಕಾ 2019ರಲ್ಲೇ ಅಂಥ ಕಾನೂನು ತಂದಿತು. ಸಿಟ್ಟು ಮಾಡಲೇಬೇಕು ಅಂದ್ರೆ ಇದರ ಮೇಲೆ ಮಾಡಿ.

ಕೆಫೆಟೇರಿಯಾದ ಗೆಳೆಯರೇ, ನೀವು 'ಸ್ಕ್ರಿಪ್ಟೆಡ್ ಬ್ರೋ' ಅಂದು ನಕ್ಕು ಡೆಸ್ಕಿಗೆ ವಾಪಸ್ ಹೋಗ್ತೀರಿ, ನಿಮ್ಮ ಸಂಬಳಕ್ಕೆ ಏನೂ ಆಗಲ್ಲ. ನಿಮ್ಮ ಮೀಮ್ ಊರಿನ ಗ್ರೂಪಿಗೆ ತಲುಪಿದಾಗ ಅದು ಜೋಕಾಗಿ ಉಳಿಯಲ್ಲ, ರಿಪೋರ್ಟ್ ಮಾರುವವನಿಗೆ ಸಾಕ್ಷಿಯಾಗುತ್ತೆ. ಮುಂದಿನ ಸಲ ಊರಿಗೆ ಹೋದಾಗ ತಮ್ಮನ ಫೋನಿನಲ್ಲಿ ಅಂಥ ಗ್ರೂಪ್ ಕಂಡರೆ ಬೈಬೇಡಿ. ಒಂದು ಹಾಳೆ ತಗೊಂಡು 1,600ರಿಂದ 50ರವರೆಗೆ ಅವನ ಕೈಯಲ್ಲೇ ಬರೆಸಿ. ಐದು ನಿಮಿಷದ ಕೆಲಸ.