ಪೂರ್ತಿ ಕೆಲಸ, ಅರೆ ಪಗಾರ



“ಪಾರ್ಟ್ ಟೈಮ್” ಎಂಬ ಮಾತನ್ನು ಮೊದಲು ಆಡಿದವನು ಯಾರೋ ತಿಳಿಯದು. ಆದರೆ ಅದರಿಂದ ಲಾಭ ಉಂಡವನು ಯಾರೆಂಬುದು ನಮಗೆ ಚೆನ್ನಾಗಿ ಗೊತ್ತು. ಹೊಟೇಲಿನ ಮಾಲಿಕನು ಒಂದು ದಿನ ಸಪ್ಲಾಯರನನ್ನು ಕರೆದು, “ನಿನ್ನ ಕೆಲಸ ನಿಜವಾಗಿ ಇರುವುದು ಮಧ್ಯಾಹ್ನ ಎರಡು ತಾಸು, ರಾತ್ರಿ ಎರಡು ತಾಸು. ನಾಳೆಯಿಂದ ಅಷ್ಟಕ್ಕೇ ಪಗಾರ” ಎಂದನೆನ್ನಿ. ನಾವೇನು ಮಾಡುತ್ತೇವೆ? ಬೆಳಗಾಗುವ ಮೊದಲೇ ಮೇಜು ಒರೆಸಿದವನು ಯಾರು, ನೀರು ತುಂಬಿದವನು ಯಾರು, ಬಾಗಿಲು ಹಾಕುವವರೆಗೆ ನಿಂತವನು ಯಾರು ಎಂದು ಕೇಳುತ್ತೇವೆ, ಸಂಘಕ್ಕೆ ಬರುತ್ತೇವೆ. ಅದೇ ಮಾತನ್ನು ಸರಕಾರವು ಒಬ್ಬ ಮಾಸ್ತರರಿಗೆ ಹೇಳಿದರೆ ಮಾತ್ರ ಊರಿಗೆ ಊರೇ ಸುಮ್ಮನಿರುತ್ತದೆ. ಆ ಮಾಸ್ತರರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವರು. ನಮ್ಮ ಮಾತಿನಲ್ಲಿ ಡ್ರಾಯಿಂಗ್ ಮಾಸ್ತರು.

ದುಡಿಯುವವರಿಗೂ ಡ್ರಾಯಿಂಗಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ಎರಡು ಬಗೆಯದು. ಆ ಮಾಸ್ತರರೂ ನಮ್ಮಂತೆ ಕೂಲಿಯವರೇ, ಅದು ಒಂದು. ಅವರನ್ನು ಕಳೆದುಕೊಂಡು ನಷ್ಟಪಡುವ ಮಕ್ಕಳು ನಮ್ಮವರು, ಇದು ಎರಡನೆಯದು.

ಈ ಅನ್ಯಾಯವು ಕಣ್ಣಿಗೆ ರಾಚುವಂತೆ ಕಾಣಬೇಕಾದರೆ ಕೊಚ್ಚಿಯ ಮಟ್ಟಾಂಚೇರಿಗೆ ಹೋಗಬೇಕು. ಮೆಣಸು, ಶುಂಠಿ, ಏಲಕ್ಕಿಗಳ ಗೋದಾಮುಗಳಿಂದ ಹೆಸರಾದ ಪೇಟೆಯದು. ಕೊಂಕಣಿಗರು, ಗುಜರಾತಿಗಳು, ತಮಿಳರು, ನಮ್ಮ ಕರಾವಳಿಯಿಂದ ಹೊಟ್ಟೆಪಾಡಿಗಾಗಿ ತೆರಳಿದವರು, ಹೀಗೆ ಹಲವು ಮಾತಿನ ಜನ ಅಲ್ಲಿ ಬೇರೂರಿದ್ದಾರೆ. 1555ರ ಸುಮಾರಿಗೆ ಪೋರ್ಚುಗೀಸರು ಕೊಚ್ಚಿಯ ಅರಸನಿಗೆ ಕಟ್ಟಿಸಿಕೊಟ್ಟ ಅರಮನೆ ಅಲ್ಲಿದೆ. ಮುಂದೆ ಡಚ್ಚರು ಅದನ್ನು ದುರಸ್ತಿ ಮಾಡಿಸಿದ್ದರಿಂದ ಜನರು ಅದನ್ನು ಡಚ್ ಅರಮನೆಯೆಂದೇ ಕರೆಯುತ್ತಾರೆ. ಅದರ ಗೋಡೆಗಳ ಮೇಲಿನ ರಾಮಾಯಣದ ಚಿತ್ರಗಳನ್ನು ನೋಡಲು ದೂರದೂರದ ಜನ ಬರುತ್ತಾರೆ. 2012ರ ಡಿಸೆಂಬರ್ 12ರಂದು ಕೊಚ್ಚಿಯಲ್ಲಿ ಬಿನಾಲೆ ಎಂಬ ಕಲಾಮೇಳವೂ ಆರಂಭವಾಯಿತು. ಹಮಾಲರು ಚೀಲ ಹೊತ್ತು ಸವೆಸಿದ ಹಳೆಯ ಗೋದಾಮುಗಳಲ್ಲಿ ದೇಶವಿದೇಶದ ಕಲಾಕಾರರು ತಮ್ಮ ಕೃತಿಗಳನ್ನು ಇಡುತ್ತಾರೆ. ಆರನೆಯ ಮೇಳವು 2025ರ ಡಿಸೆಂಬರ್ 12ರಂದು ತೆರೆಯಿತು. ಅದಕ್ಕೆ ಇಟ್ಟ ಇಂಗ್ಲಿಷ್ ಹೆಸರಿನ ಕನ್ನಡ ಅರ್ಥ “ಸದ್ಯದ ಮಟ್ಟಿಗೆ.”

ಹೆಸರು ಇಟ್ಟವರ ಉದ್ದೇಶ ಬೇರೆ ಇದ್ದೀತು. ಆದರೆ ಕೇರಳದ ಶಾಲೆಗಳ ಕಲಾಶಿಕ್ಷಕರಿಗೆ ಅದಕ್ಕಿಂತ ಒಪ್ಪುವ ಹೆಸರು ಬೇರೊಂದಿಲ್ಲ. ಅವರ ನೇಮಕವೇ ಸದ್ಯದ ಮಟ್ಟಿಗೆ. ಪಗಾರ ಸದ್ಯದ ಮಟ್ಟಿಗೆ. ಮುಂದಿನ ವರ್ಷದ ಅನ್ನವೂ ಸದ್ಯದ ಮಟ್ಟಿಗೆ!

ಅಲ್ಲಿ ಆದದ್ದನ್ನು ಕೇಳಿರಿ. 2016ರಲ್ಲಿ ಸರ್ವ ಶಿಕ್ಷಾ ಅಭಿಯಾನದ ಕೆಳಗೆ ಚಿತ್ರಕಲೆ, ಸಂಗೀತ, ವ್ಯಾಯಾಮ, ಕೈಕೆಲಸಗಳನ್ನು ಕಲಿಸಲು ವಿಶೇಷ ಶಿಕ್ಷಕರನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡರು. ಆರಂಭದಲ್ಲಿ ಇಪ್ಪತ್ತೈದು ಸಾವಿರ ರೂಪಾಯಿಗೆ ಮೇಲ್ಪಟ್ಟ ಪಗಾರ ಕೊಟ್ಟರು. 2018ರಲ್ಲಿ ಕೇಂದ್ರ ಸರಕಾರವು ಹಳೆಯ ಯೋಜನೆಗಳನ್ನು ಕೂಡಿಸಿ “ಸಮಗ್ರ ಶಿಕ್ಷಾ” ಎಂದು ಹೊಸ ಹೆಸರು ಇಟ್ಟಿತು. ಹೆಸರು ಸಮಗ್ರವಾಯಿತು, ಪಗಾರ ಮಾತ್ರ ಮೊದಲಿನ ಅರ್ಧಕ್ಕಿಂತಲೂ ಕೆಳಗೆ ಬಿತ್ತು. ನೀವು ಅರೆವೇಳೆಯವರು, ವಾರಕ್ಕೆ ಕೆಲವೇ ದಿನ ಬಂದರೆ ಸಾಕು ಎಂಬ ಸಮಜಾಯಿಷಿ ಬೇರೆ. ಒಬ್ಬ ಶಿಕ್ಷಕನಿಗೆ ಎರಡು ಮೂರು ಶಾಲೆಗಳನ್ನು ಗಂಟುಹಾಕಿದರು. ಬಸ್ಸಿನ ಖರ್ಚು ಯಾರದು? ಶಿಕ್ಷಕನದೇ. 2023ರ ಆರಂಭದಲ್ಲಿ ಈ ಶಿಕ್ಷಕರು ತಿರುವನಂತಪುರದಲ್ಲಿ ಬೀದಿಗಿಳಿದು ಧರಣಿ ಕುಳಿತರು. ಕೇಂದ್ರ ಹಣ ಕೊಡುವುದಿಲ್ಲವೆಂದು ರಾಜ್ಯ, ರಾಜ್ಯವೇ ಹೊಣೆಯೆಂದು ಕೇಂದ್ರ! ಈ ಯೋಜನೆಯ ಖರ್ಚಿನಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ ಪಾಲು 40. ಇಬ್ಬರು ಮಾಲಿಕರಿರುವ ಹೊಟೇಲಿನಲ್ಲಿ ಪಗಾರ ಕೇಳಿದಾಗ ಒಬ್ಬನು ಇನ್ನೊಬ್ಬನ ಕಡೆಗೆ ಬೊಟ್ಟು ಮಾಡುವುದನ್ನು ಕಂಡ ನಮಗೆ ಈ ಆಟ ಹೊಸದೇನೂ ಅಲ್ಲ.

ಕೇರಳದ ಸುದ್ದಿ ನಮಗೇಕೆ ಎನ್ನಬೇಡಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಯ ಕನ್ನಡ ಶಾಲೆಗಳೂ ಆ ಸರಕಾರದ ಶಿಕ್ಷಣ ಇಲಾಖೆಯ ಕೆಳಗೇ ನಡೆಯುತ್ತಿವೆ. ಮಟ್ಟಾಂಚೇರಿಯ ಮಗುವಿಗೆ ಆಗುವ ಅನ್ಯಾಯ ಮಂಜೇಶ್ವರದ ಕನ್ನಡ ಮಗುವಿಗೂ ಆಗುತ್ತದೆ. ಬೇರೆ ರಾಜ್ಯಗಳ ಪಾಡೂ ಇದೇ. ಉತ್ತರ ಪ್ರದೇಶದಲ್ಲಿ ಇಂಥ ಬೋಧಕರಿಗೆ 2017ರಲ್ಲಿ ತಿಂಗಳಿಗೆ 17,000 ರೂಪಾಯಿ ಎಂದು ಮಂಜೂರಾಯಿತು. ಆ ಹಣ ಕೈಗೆ ಬಾರದೆ ಅವರು ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಯಿತು.

ಈ ರೋಗದ ಬೇರು ಎಲ್ಲಿದೆ? ಕಾನೂನಿನ ಒಡಲಲ್ಲೇ ಇದೆ. ಮಕ್ಕಳಿಗೆ ಕಡ್ಡಾಯ ಶಿಕ್ಷಣದ ಹಕ್ಕು ಕೊಟ್ಟ 2009ರ ಕಾಯಿದೆ ಒಳ್ಳೆಯದೇ. ಅದನ್ನು ನಾವೆಲ್ಲರೂ ಸ್ವಾಗತಿಸಿದ್ದೇವೆ. ಆದರೆ ಅದರ ಕೊನೆಯ ಪರಿಶಿಷ್ಟವನ್ನು ತೆರೆದು ನೋಡಿರಿ. ಆರರಿಂದ ಎಂಟನೆಯ ಇಯತ್ತೆಯವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ ಪೂರ್ಣಾವಧಿಯ ಹೆಡ್‌ಮಾಸ್ತರರು ಇರಬೇಕೆಂದು ಹೇಳಿ, ಅದರ ಕೆಳಗೇ ಕಲೆ, ಆರೋಗ್ಯ ಮತ್ತು ವ್ಯಾಯಾಮ, ಕೈಕೆಲಸ ಇವುಗಳಿಗೆ ಅರೆಕಾಲಿಕ ಬೋಧಕರು ಇರಬೇಕೆಂದು ಬರೆದಿದೆ. ಗಣಿತ, ವಿಜ್ಞಾನ, ಭಾಷೆಗಳಿಗೆ ಶಿಕ್ಷಕರು. ಕಲೆಗೆ ಬರಿಯ ಬೋಧಕರು, ಅವರೂ ಅರೆಕಾಲಿಕರು! ಮಗುವಿನ ತಲೆಗೆ ಪೂರ್ತಿ ವೇಳೆ, ಕೈಗೂ ಕಣ್ಣಿಗೂ ಅರ್ಧ ವೇಳೆ ಎಂಬ ಈ ಲೆಕ್ಕವನ್ನು ಹಾಕಿದವರು ತಮ್ಮ ಕೈಯಿಂದ ಏನನ್ನೂ ಮಾಡಿ ಉಂಡವರಲ್ಲವೆಂಬುದು ಸ್ಪಷ್ಟ. ಕೈಕೆಲಸವನ್ನು ಕೀಳೆಂದು ಕಂಡ ಹಳೆಯ ಬುದ್ಧಿಯೇ ಕಾನೂನಿನ ವೇಷ ತೊಟ್ಟು ಬಂದಿದೆ. ನಮ್ಮನ್ನು “ಬರಿಯ ಕೂಲಿಯವರು” ಎನ್ನುವ ಬುದ್ಧಿಯೂ ಇದೇ.

ಇನ್ನು ಇದೇ ಮಟ್ಟಾಂಚೇರಿಯ ಇನ್ನೊಂದು ಕಥೆಯನ್ನು ಪ್ರತಿಯೊಬ್ಬ ಕಾರ್ಮಿಕನೂ ತಿಳಿದಿರಬೇಕು. ಕೊಚ್ಚಿಯ ಬಂದರಿನಲ್ಲಿ ಹಿಂದೆ “ಚಾಪ್ಪ” ಎಂಬ ಪದ್ಧತಿ ಇತ್ತು. ಚಾಪ್ಪವೆಂದರೆ ಲೋಹದ ಬಿಲ್ಲೆ. ಬೆಳಿಗ್ಗೆ ಕೆಲಸಕ್ಕಾಗಿ ನೆರೆದ ಜನರ ನಡುವೆ ಗುತ್ತಿಗೆದಾರನ ಆಳು ಆ ಬಿಲ್ಲೆಗಳನ್ನು ಎರಚುತ್ತಿದ್ದನು. ನೂಕಿ, ಗುದ್ದಾಡಿ, ಮಣ್ಣಿನಲ್ಲಿ ಹೊರಳಿ ಬಿಲ್ಲೆ ಹಿಡಿದವನಿಗೆ ಆ ದಿನದ ಕೆಲಸ; ಉಳಿದವರಿಗೆ ಉಪವಾಸ. ಇದನ್ನು ಪ್ರತಿಭಟಿಸಿದ ಕಾರ್ಮಿಕರ ಮೇಲೆ 1953ರ ಸೆಪ್ಟೆಂಬರ್ 15ರಂದು ಮಟ್ಟಾಂಚೇರಿಯಲ್ಲಿ ಪೊಲೀಸರು ಗುಂಡು ಹಾರಿಸಿದರು. ಆ ಹೋರಾಟದಲ್ಲಿ ಸೈದು, ಸೈದಲವಿ, ಆಂಟಣಿ ಎಂಬ ಮೂವರು ಪ್ರಾಣ ತೆತ್ತರು. ಮುಂದೆ ಆ ಪದ್ಧತಿ ಅಳಿಯಿತು. ನಮ್ಮ ಮುಂಬಯಿಯ ಗಿರಣಿಗಳಲ್ಲಿ ಬದಲಿ ಕಾಮಗಾರನ ಪಾಡೂ ಇದೇ ಆಗಿತ್ತು. ಚೀಟಿ ಹಿಡಿದು ಪ್ರತಿದಿನ ಗೇಟಿನ ಮುಂದೆ ನಿಲ್ಲಬೇಕು; ಯಾರಾದರೂ ಕಾಯಂ ಕಾಮಗಾರ ಬಾರದಿದ್ದರೆ ಕೆಲಸ, ಬಂದರೆ ಮರಳಿ ಚಾಳಿಗೆ. ಇಂದಿನ ಗುತ್ತಿಗೆ ಶಿಕ್ಷಕನ ಕೈಯಲ್ಲಿರುವ ಕಾಗದ ಆ ಬಿಲ್ಲೆಯದೇ ಮೊಮ್ಮಗ. ಬೇಸಿಗೆಯ ರಜೆ ಬಂದೊಡನೆ ಗುತ್ತಿಗೆ ಮುಗಿಯುತ್ತದೆ; ಶಾಲೆ ತೆರೆಯುವಾಗ ಮತ್ತೆ ಕಾಗದ ಬರುತ್ತದೆಯೋ ಇಲ್ಲವೋ ಎಂದು ಕಾಯಬೇಕು. ಎರಚುವ ಕೈ ಬದಲಾಗಿದೆ, ಅಷ್ಟೇ.

ಎದುರಾಳಿಗಳ ಮಾತನ್ನೂ ಕೇಳೋಣ. “ವಾರಕ್ಕೆ ಎರಡು ಪಿರಿಯಡ್ ಡ್ರಾಯಿಂಗಿಗೆ ಪೂರ್ತಿ ಪಗಾರ ಹೇಗೆ ಕೊಡುವುದು?” ಎನ್ನುತ್ತಾರೆ. ಎರಡು ಪಿರಿಯಡ್ ಇರುವುದು ಒಂದು ವರ್ಗಕ್ಕೆ. ಹನ್ನೆರಡು ವರ್ಗಗಳಿರುವ ಶಾಲೆಯಲ್ಲಿ ಅದು ವಾರಕ್ಕೆ ಇಪ್ಪತ್ನಾಲ್ಕು ಪಿರಿಯಡ್ ಆಯಿತು. ಅದು ಒಬ್ಬ ಮನುಷ್ಯನ ಪೂರ್ತಿ ಕೆಲಸವಲ್ಲದೆ ಮತ್ತೇನು? ಶಾಲೆ ಚಿಕ್ಕದಾದರೆ ಎರಡು ಶಾಲೆ ಕೂಡಿಸಿ ಒಂದು ಪೂರ್ಣ ಹುದ್ದೆ ಮಾಡಲಿ. ಈಗ ಎರಡು ಮೂರು ಶಾಲೆ ಓಡಾಡಿಸುತ್ತಲೇ ಇದ್ದಾರಲ್ಲ! ಪಿರಿಯಡ್‌ಗಳನ್ನು ಬಿಟ್ಟರೂ ವಾರ್ಷಿಕೋತ್ಸವದ ವೇದಿಕೆ, ಸ್ವಾತಂತ್ರ್ಯ ದಿನದ ಬೋರ್ಡು, ವಿಜ್ಞಾನ ಪ್ರದರ್ಶನದ ಚಾರ್ಟು, ಗೋಡೆಯ ಮೇಲಿನ ಬರಹ, ಎಲ್ಲವೂ ಡ್ರಾಯಿಂಗ್ ಮಾಸ್ತರರ ತಲೆಗೇ. ಅದಕ್ಕೆ ಯಾವ ಪಿರಿಯಡ್‌ನ ಲೆಕ್ಕವೂ ಇಲ್ಲ, ಪಗಾರವೂ ಇಲ್ಲ.

“ಕಲಾವಿದನಿಗೆ ಹೊರಗೆ ಬೇರೆ ಸಂಪಾದನೆ ಇರುತ್ತದಲ್ಲ” ಎನ್ನುವವರಿದ್ದಾರೆ. ಅಡುಗೆ ಬಲ್ಲವನು ಮದುವೆ ಮನೆಯಲ್ಲಿ ಸಂಪಾದಿಸಬಹುದೆಂದು ಹೊಟೇಲಿನಲ್ಲಿ ಅವನ ಪಗಾರ ಕತ್ತರಿಸುವುದು ನ್ಯಾಯವೇ? ಇನ್ನು ಕೆಲವು ಪಂಡಿತರು, ಕಲೆಯನ್ನು ಎಲ್ಲ ವಿಷಯಗಳ ಜೊತೆಗೆ ಬೆರೆಸಿ ಎಲ್ಲ ಶಿಕ್ಷಕರೂ ಕಲಿಸಬಹುದೆನ್ನುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಲೆಗೂ ವಿಜ್ಞಾನಕ್ಕೂ ನಡುವೆ ಗೋಡೆ ಬೇಡವೆಂದು ಸಾರಿದೆ. ಸಂತೋಷ. ಆದರೆ ಸಾಂಬಾರಿಗೆ ಉಪ್ಪು ಬೆರೆಯುತ್ತದೆಂದು ಉಪ್ಪು ತರುವುದನ್ನೇ ಬಿಟ್ಟರೆ ಏನು ಬೆರೆಸುತ್ತೀರಿ? ಗೋಡೆ ಕೆಡವುತ್ತೇವೆ ಎನ್ನುತ್ತಾ ಮಾಸ್ತರರನ್ನೇ ಹೊರಗೆ ನಿಲ್ಲಿಸಿದ್ದಾರೆ.

ಕೇರಳದಲ್ಲಿ 1957ರಿಂದ ಶಾಲಾ ಕಲೋತ್ಸವ ನಡೆಯುತ್ತಿದೆ. 2025ರ ಜನವರಿಯಲ್ಲಿ 63ನೆಯ ಉತ್ಸವ ತಿರುವನಂತಪುರದಲ್ಲೇ ಜರುಗಿತು. ಸಾವಿರಾರು ಮಕ್ಕಳು ಬಂದರು. ಮಂತ್ರಿಗಳು ಭಾಷಣ ಮಾಡಿದರು. ಗೆದ್ದ ಜಿಲ್ಲೆಗೆ ಚಿನ್ನದ ಕಪ್ಪು ಸಿಕ್ಕಿತು. ಒಳ್ಳೆಯದು. ಆದರೆ ಶಾಲೆಯಲ್ಲಿ ಕಲಿಸುವವರಿಲ್ಲದಿದ್ದರೆ ಆ ವೇದಿಕೆಗೆ ಏರುವವರು ಯಾರು? ಮನೆಗೆ ಗುರುಗಳನ್ನು ಕರೆಸುವ ಶಕ್ತಿ ಇದ್ದವರ ಮಕ್ಕಳು. ಹಮಾಲನ ಮಗಳು, ಸಪ್ಲಾಯರನ ಮಗ ಕೆಳಗೆ ಕುಳಿತು ಚಪ್ಪಾಳೆ ತಟ್ಟಬೇಕು.

ಬಾಂಧವರೇ, ಇಲ್ಲಿಯೇ ನಮ್ಮ ನಷ್ಟ ಇರುವುದು. ಹಣವಂತನ ಮಗುವಿಗೆ ಶಾಲೆಯಲ್ಲಿ ಚಿತ್ರ ಕಲಿಸದಿದ್ದರೂ ಸಾಯಂಕಾಲ ಕ್ಲಾಸು ಇದೆ. ನಮ್ಮ ಮಗುವಿನ ಕೈಗೆ ಬಣ್ಣದ ಪೆಟ್ಟಿಗೆ ಬರುವುದು ಶಾಲೆಯಲ್ಲಿ ಮಾತ್ರ. ಆ ಒಂದು ಪಿರಿಯಡ್ ಹೋದರೆ ಎಲ್ಲವೂ ಹೋಯಿತು. ಚಿತ್ರಕಲೆಯೆಂದರೆ ಶ್ರೀಮಂತರ ಗೋಡೆಯ ಅಲಂಕಾರವೆಂದು ಯಾರೂ ಭ್ರಮಿಸಬಾರದು. ಗಿರಣಿಯಲ್ಲಿ ದುಡಿದ ಹಿರಿಯರಿಗೆ ಗೊತ್ತು: ಸೀರೆಯ ಸೆರಗಿನ ಹೂಬಳ್ಳಿ ಮೊದಲು ಚೌಕುಳಿ ಕಾಗದದ ಮೇಲೆ ಬರೆದ ಚಿತ್ರವೇ ಆಗಿತ್ತು, ಆಮೇಲೆ ಜಕಾರ್ಡ್ ಮಗ್ಗಕ್ಕೆ ಹೋಯಿತು. ಬಡಗಿ, ದರ್ಜಿ, ಫಿಟ್ಟರು, ಬೋರ್ಡು ಬರೆಯುವವನು, ಇವರೆಲ್ಲರ ಕಸುಬಿಗೂ ರೇಖೆಯೇ ತಾಯಿ. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ನಮ್ಮ ಹಾಗೆಯೇ ಮುಂಬಯಿಗೆ ಬಂದವರು. ಜೆ. ಜೆ. ಕಲಾಶಾಲೆಯಲ್ಲಿ ಕಲಿತು, 1940ರಿಂದ 1945ರವರೆಗೆ ಅಲ್ಲಿಯೇ ಕಲಿಸಿ, ದೇಶಕ್ಕೇ ಹೆಸರು ತಂದರು. ಇಂದು ಆ ಊರುಗಳಿಂದ ಬಂದ ಒಬ್ಬ ಹುಡುಗನ ಕೈಯಲ್ಲಿ ಅಂಥ ಗುಣವಿದ್ದರೆ ಅದನ್ನು ಗುರುತಿಸುವವರು ಯಾರು? ವಾರಕ್ಕೆರಡು ದಿನ ಬಂದು, ಬಸ್ಸಿಗೆ ಹೊತ್ತಾಯಿತೆಂದು ಓಡುವ ಮಾಸ್ತರರಿಗೆ ಅವನ ಹೆಸರಾದರೂ ತಿಳಿಯುವುದು ಹೇಗೆ? ಅದು ಅವರ ತಪ್ಪಲ್ಲ.

ನ್ಯಾಯವೂ ನಮ್ಮ ಕಡೆ ಇದೆ. ಸಮಾನ ಕೆಲಸಕ್ಕೆ ಸಮಾನ ವೇತನವು ತಾತ್ಕಾಲಿಕ ನೌಕರರಿಗೂ ಸಲ್ಲುತ್ತದೆಂದು ಸುಪ್ರೀಂ ಕೋರ್ಟು 2016ರಲ್ಲಿ ಜಗಜೀತ್ ಸಿಂಗ್ ಮೊಕದ್ದಮೆಯಲ್ಲಿ ಹೇಳಿದೆ. 2006ರ ಉಮಾದೇವಿ ಮೊಕದ್ದಮೆಯ ತೀರ್ಪನ್ನು ಗುರಾಣಿಯಾಗಿ ಹಿಡಿದು ಸರಕಾರಗಳು ಎಷ್ಟೋ ಜನರ ಕಾಯಂ ಬೇಡಿಕೆಯನ್ನು ತಳ್ಳಿಹಾಕಿದವು. ಅದನ್ನು ಹೀಗೆ ದುರುಪಯೋಗ ಮಾಡಬಾರದೆಂದು 2024ರ ಡಿಸೆಂಬರಿನಲ್ಲಿ ಜಗ್ಗೋ ಮೊಕದ್ದಮೆಯಲ್ಲಿ ಅದೇ ಕೋರ್ಟು ಎಚ್ಚರಿಸಿತು. ಅಲ್ಲಿ ಗೆದ್ದವರು ಯಾರು? ಸರಕಾರಿ ಕಚೇರಿಯಲ್ಲಿ ಕಸ ಗುಡಿಸಿದ, ತೋಟ ನೋಡಿಕೊಂಡ ಬಡವರು. ಅವರನ್ನೂ “ಪಾರ್ಟ್ ಟೈಮ್” ಎಂದೇ ಕರೆದು ವರ್ಷಗಟ್ಟಲೆ ದುಡಿಸಿಕೊಂಡಿದ್ದರು. ಗುಡಿಸುವವರು ಗೆದ್ದ ದಾರಿಯಲ್ಲಿ ಕಲಿಸುವವರೂ ನಡೆಯಬಹುದು. ಆದರೆ ಒಬ್ಬೊಬ್ಬರೇ ಕೋರ್ಟಿನ ಮೆಟ್ಟಿಲು ಹತ್ತಿ ಮುದುಕರಾಗುವವರೆಗೆ ಕಾಯುವುದು ದಾರಿಯಲ್ಲ. ಸಂಘಟನೆ ಬೇಕು.

ಆದುದರಿಂದ ನಮ್ಮ ಒತ್ತಾಯ ಇದು. 2009ರ ಕಾಯಿದೆಯ ಪರಿಶಿಷ್ಟದಿಂದ “ಅರೆಕಾಲಿಕ” ಎಂಬ ಮಾತನ್ನು ಕಿತ್ತೊಗೆಯಬೇಕು. ಪ್ರತಿ ಹೈಸ್ಕೂಲಿಗೂ ಪೂರ್ಣಾವಧಿಯ ಕಲಾಶಿಕ್ಷಕರ ಹುದ್ದೆ ಆಗಬೇಕು. ಹನ್ನೆರಡು ತಿಂಗಳೂ ಪಗಾರ, ಪ್ರಾವಿಡೆಂಟ್ ಫಂಡು, ಹೆರಿಗೆ ರಜೆ ಇವು ಸಿಗಬೇಕು. ಈಗಾಗಲೇ ವರ್ಷಗಳಿಂದ ದುಡಿಯುತ್ತಿರುವವರನ್ನು ಮೊದಲು ಕಾಯಂ ಮಾಡಬೇಕು.

ನಮ್ಮ ಕರ್ತವ್ಯವೂ ಇದೆ. ಶಾಲೆಯ ಪಾಲಕರ ಸಭೆಗೆ ರಜೆ ಹಾಕಿಯಾದರೂ ಹೋಗಿರಿ. ಗಣಿತದ ಮಾರ್ಕು ಕೇಳಿದ ಮೇಲೆ ಇನ್ನೆರಡು ಪ್ರಶ್ನೆ ಕೇಳಿರಿ: ಈ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರು ಇದ್ದಾರೆಯೇ? ಇದ್ದರೆ ಅವರಿಗೆ ಕೊಡುವ ಪಗಾರವೆಷ್ಟು? ಉತ್ತರವನ್ನು ಬರೆದುಕೊಂಡು ಸಂಘದ ಕಚೇರಿಗೆ ತನ್ನಿರಿ. ಸಂಘವು ಮುಂದಿನ ಮಹಾಸಭೆಯಲ್ಲಿ ಈ ಶಿಕ್ಷಕರ ಪರವಾಗಿ ಠರಾವು ಮಾಡಲಿ. ಬದಲಿ ಚೀಟಿಯ ಕಹಿ ಉಂಡವರು ಇನ್ನೊಬ್ಬನ ಕೈಯಲ್ಲಿ ಅದೇ ಚೀಟಿ ಕಂಡಾಗ ಮುಖ ತಿರುಗಿಸಬಾರದು.